ಕಂತೆಯ ನಡುವಿನವನು

ಆ ಮೈದಾನದ ಗೋಲುಕಂಬಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಎರಡು ಎತ್ತರದ ಕಂಬ, ನಡುವೆ ಒಂದು ಅಡ್ಡಕೋಲು; ಹುಡುಗರ ತಲೆ ಒಡೆಯದಿರಲೆಂದು ಕಂಬಗಳ ಬುಡಕ್ಕೆ ಹುಲ್ಲು ತುಂಬಿದ ಗೋಣಿಚೀಲ ಸುತ್ತಿದ್ದರು. ಬೆಳಗಿನ ಮಂಜಿನಲ್ಲಿ ದೂರದಿಂದ ನೋಡಿದರೆ, ಕಂಬಳಿ ಹೊದ್ದ ಇಬ್ಬರು ಮುದುಕರು ಒಂದೇ ಕೋಲನ್ನು ಆಚೆ ಈಚೆ ಹಿಡಿದುಕೊಂಡು ಯಾರನ್ನೋ ಕಾಯುತ್ತ ನಿಂತಂತಿತ್ತು. ಸೀಮೆಯ ತಂಡದ ಆಯ್ಕೆಯ ದಿನ ಬಸ್ಸಿಳಿದು ಬೇಲಿ ದಾಟಿದಾಗ ನನ್ನನ್ನು ಎದುರುಗೊಂಡವರು ಅವರಿಬ್ಬರೇ. ಬೇರೆ ಯಾರ ಪರಿಚಯವೂ ನನಗಿರಲಿಲ್ಲ.

ನಮ್ಮ ಸೀಮೆಯ ಶಾಲೆಗಳಲ್ಲಿ ರಗ್ಬಿ ಆಡುತ್ತಿದ್ದೆವು ಎಂದರೆ, ನಾನು ಹೊಸದೊಂದು ತಮಾಷೆ ಶುರುಮಾಡಿದೆನೆಂದು ಕೇಳಿದವರು ನಗುತ್ತಾರೆ. ಆಡುತ್ತಿದ್ದುದು ನಿಜ. ಸಿಪ್ಪೆ ಸುಲಿಯದ ತೆಂಗಿನಕಾಯಿಯಂಥ ಚೆಂಡು. ಅದನ್ನು ಅಪ್ಪಿಕೊಂಡು ಓಡುವ ಒಬ್ಬ, ಅವನನ್ನು ಅಪ್ಪಿಕೊಂಡು ಬೀಳಿಸುವ ಹತ್ತು ಜನ. ಆಟ ಎಲ್ಲಿಯಾದರೂ ಕಗ್ಗಂಟಾದರೆ ಎರಡೂ ಕಡೆಯ ಎಂಟೆಂಟು ಗಟ್ಟಿ ಹುಡುಗರು ಹೆಗಲಿಗೆ ಹೆಗಲು ಕೊಟ್ಟು, ತಲೆ ತಗ್ಗಿಸಿ, ಹೋರಿಗಳ ಹಾಗೆ ಎದುರುಬದುರು ಒತ್ತಬೇಕು. ನಡುವಿನ ಸಂದಿಗೆ ಚೆಂಡು ಹಾಕುತ್ತಾರೆ. ಮಾಸ್ತರರು ಅದಕ್ಕೆ ಸ್ಕ್ರಮ್ ಎನ್ನುತ್ತಿದ್ದರು, ನಾವು ಕಂತೆ ಎನ್ನುತ್ತಿದ್ದೆವು. ನಾನು ಕಂತೆಯ ಮುಂದಿನ ಸಾಲಿನ ನಡುವಿನವನು. ನಡುವಿನವನ ಎರಡೂ ತೋಳು ಅಕ್ಕಪಕ್ಕದವರ ಹೆಗಲ ಮೇಲೆ, ಅವರ ತೋಳು ಅವನ ಬೆನ್ನ ಸುತ್ತ. ಅವನು ನಿಲ್ಲುವುದಿಲ್ಲ, ತೂಗುತ್ತಾನೆ. ತೂಗುತ್ತಲೇ ಕಾಲು ಚಾಚಿ ಚೆಂಡನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಕನ್ನಡ ಪರೀಕ್ಷೆಯಲ್ಲಿ ಒತ್ತು ಬಿಟ್ಟು ಬರೆದು ಏಟು ತಿನ್ನುತ್ತಿದ್ದ ನಾನು ಮೈದಾನದಲ್ಲಿ ಮಾತ್ರ ಒತ್ತಿಗೆ ಹೆಸರಾಗಿದ್ದೆ.

ನನಗೆ ಇನ್ನೊಂದು ಹೆಸರೂ ಇತ್ತು, ಅಥವಾ ಯಾವ ಹೆಸರೂ ಇರಲಿಲ್ಲ. ನಾನು ಹಾಸ್ಟೆಲಿನ ಹುಡುಗ. ಒಮ್ಮೆ ಕೇಳಿದ ದನಿ ನನ್ನ ಗಂಟಲಲ್ಲಿ ಬಾಡಿಗೆಗೆ ಬಂದು ಕೂತುಬಿಡುತ್ತಿತ್ತು. ವಾರ್ಡನ್ನರ ಗೊಗ್ಗರು, ಅಡುಗೆಯ ಕೃಷ್ಣಯ್ಯನ ಗೊಣಗು, ಪ್ರಾರ್ಥನೆ ಹೇಳುವಾಗ ಆಕಳಿಸುವ ಹೆಡ್‌ಮಾಸ್ತರರು, ಎಲ್ಲರೂ ಒಳಗೇ ಇದ್ದರು. ಸಂಜೆ ಊಟದ ಗಂಟೆಗೆ ಮೊದಲು ಹುಡುಗರು ನನ್ನ ಮಂಚದ ಸುತ್ತ ನೆರೆಯುತ್ತಿದ್ದರು. "ಏ, ವಾರ್ಡನ್ನರನ್ನ ಕರಿಯೋ" ಎನ್ನುತ್ತಿದ್ದರು. "ಕೃಷ್ಣಯ್ಯ ಬರಲಿ" ಎನ್ನುತ್ತಿದ್ದರು. ಅವರು ಬಂದು ಹೋದ ಮೇಲೆ ಹುಡುಗರೂ ಹೋಗುತ್ತಿದ್ದರು. ನನ್ನನ್ನು ಯಾರೂ ಕರೆದದ್ದು ನೆನಪಿಲ್ಲ. ಒಮ್ಮೆ ಜ್ವರ ಬಂದು ಮಲಗಿದ್ದಾಗ ನೀರು ಬೇಕೆಂದು ಕೂಗಿದೆ, ಪಕ್ಕದ ಮಂಚದವನು, "ಇದು ಯಾರ ದನಿಯೋ? ಅಷ್ಟು ಚೆನ್ನಾಗಿ ಬರ್ಲಿಲ್ಲ" ಎಂದು ಮಗ್ಗುಲಾದ.

ಅದಕ್ಕೇ ನನಗೆ ಕಂತೆಯೆಂದರೆ ಪ್ರಾಣ. ತಲೆ ತಗ್ಗಿಸಿದ ಮೇಲೆ ಆ ಕತ್ತಲಲ್ಲಿ ಎರಡು ತೋಳು ನನ್ನನ್ನು ಬಿಗಿಯಾಗಿ ಹಿಡಿದಿರುತ್ತಿದ್ದವು. ಯಾರ ಹಾಗೂ ಮಾತಾಡೆಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಸೀಮೆಯ ತಂಡಕ್ಕೆ ಆಯ್ಕೆಯಾದವರು ಬೇಸಿಗೆಯಿಡೀ ಒಂದೇ ಛತ್ರದಲ್ಲಿದ್ದು, ಒಟ್ಟಿಗೆ ಉಂಡು, ಊರೂರಿಗೆ ಆಡಲು ಹೋಗುತ್ತಿದ್ದರು. ಬೇಸಿಗೆಗೆ ಹಾಸ್ಟೆಲ್ ಖಾಲಿಯಾದಾಗ ನಾನು ದೂರದ ಸಂಬಂಧಿಕರೊಬ್ಬರ ಮನೆಯ ಹಜಾರದಲ್ಲಿ ಮಲಗಬೇಕಾಗುತ್ತಿತ್ತು. ಆ ಬೇಸಿಗೆ ನನಗೆ ಕಂತೆ ಬೇಕಿತ್ತು. ನಮ್ಮ ಶಾಲೆಯಿಂದ ಕರೆ ಬಂದದ್ದು ನನಗೊಬ್ಬನಿಗೇ.

ಆಯ್ಕೆಯ ಆಟದ ಪದ್ಧತಿ ಹೀಗಿತ್ತು. ಹೆಚ್ಚುಕಮ್ಮಿ ಗೊತ್ತಾದವರಿಗೆ ಕೆಂಪು ಅಂಗಿ, ಇನ್ನೂ ಪರೀಕ್ಷಿಸಬೇಕಾದವರಿಗೆ ಬಿಳಿ. ಅರ್ಧ ಆಟ ಮುಗಿದಾಗ ಆಯ್ಕೆಗಾರರು ಬೆರಳು ತೋರಿಸುತ್ತಾರೆ. ಕೆಂಪಿನವನೊಬ್ಬ ಅಂಗಿ ಕಳಚಿ ಬಿಳಿಯವನಿಗೆ ಕೊಡಬೇಕು; ಇಲ್ಲವೇ ಬಿಳಿಯವನು ತನ್ನದನ್ನು ಕಳಚಿ ಬೇಲಿಯ ಬಳಿ ಕಾಯುತ್ತಿರುವ ಇನ್ನೊಬ್ಬನಿಗೆ ಕೊಡಬೇಕು. ಮಾತಿಲ್ಲ, ಕಾರಣವಿಲ್ಲ. ನನಗೆ ಸಿಕ್ಕಿದ್ದು ಬಿಳಿ. ನಾವು ಬಿಳಿಯವರೆಲ್ಲ ಚಳಿಗೋ ಭಯಕ್ಕೋ ಚೆನ್ನಾಗಿ ಬಿಳಿಚಿಕೊಂಡಿದ್ದೆವು.

ಹಿರಿಯ ಆಯ್ಕೆಗಾರ ದೇವಯ್ಯನವರು ಹುಣಸೆಮರದಡಿ ಮಡಿಚುವ ಕುರ್ಚಿಯಲ್ಲಿ, ಬಿಸಿಲಿಲ್ಲದಿದ್ದರೂ ಕೊಡೆ ಬಿಚ್ಚಿ ಕೂತಿದ್ದರು. ನನ್ನ ಎಡಕ್ಕೆ ನಿಂತವನು ಫಿಲಿಪ್, ಕೋಟೆ ಶಾಲೆಯವನು. ಹಿಂದಿನ ಸಾಲಿನಲ್ಲೂ ಅವನ ಶಾಲೆಯ ಮೂವರಿದ್ದರು. ಬಲಕ್ಕೆ ಹೊಳೆಯಾಚೆಯ ಶಾಲೆಯ ದ್ಯಾಮಣ್ಣ. ಅವನ ಕತ್ತು ನನ್ನ ತೊಡೆಯಷ್ಟು ದಪ್ಪವಿತ್ತು. ಬೆಳಗಿನಿಂದ ತಾನಾಗಿ ಒಂದು ಮಾತೂ ಆಡಿರಲಿಲ್ಲ.

"ನಿನ್ನ ಹೆಸರೇನು?" ಎಂದು ಕೇಳಿದ್ದೆ.

"ದ್ಯಾಮಣ್ಣ."

"ಒಬ್ಬನೇ ಬಂದ್ಯಾ?"

"ಹೂಂ."

"ನಾನೂನೂ. ಸರಿ, ಇಬ್ಬರು ಒಂಟಿಗಳು ಸೇರಿದ್ರೆ ಜಂಟಿ."

ಅವನು ನಗಲಿಲ್ಲ. ಆದರೆ ಕಂತೆ ಕಟ್ಟಿದಾಗ ಅವನ ತೋಳು ನನ್ನ ಪಕ್ಕೆಯನ್ನು ಹಿಡಿದ ಬಗೆ ನೋಡಿ, ಇನ್ನು ನನಗೆ ಏನೂ ಆಗಲಾರದು ಅನ್ನಿಸಿತು. ಅಂಥ ಹಿಡಿತವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹಿಡಿತವಿದ್ದರೆ ಸಾಲದು, ಎಂಟು ಜನ ಒಂದೇ ಉಸಿರಿಗೆ ಒತ್ತಬೇಕು. ಅದಕ್ಕೆ ಪ್ರತಿ ಶಾಲೆಗೂ ಅದರದೇ ಕೂಗಿತ್ತು. ಅಭ್ಯಾಸದಲ್ಲಿ ಮಾಸ್ತರರು ಕೂಗಿ ಕೂಗಿ ಅದು ಹುಡುಗರ ಕಾಲಿಗೇ ಇಳಿದಿರುತ್ತಿತ್ತು. ಬಿಳಿ ತಂಡದಲ್ಲಿ ನಾಲ್ಕೈದು ಶಾಲೆಯವರು. ನಾನು ನಮ್ಮ ಶಾಲೆಯ ರೀತಿಯಲ್ಲಿ "ಬಾಗಿ, ಹಿಡಿ, ತಳ್ಳಿ" ಎಂದೆ. ಒಬ್ಬ "ಬಾಗಿ" ಎಂದಾಗಲೇ ತಳ್ಳಿದ, ಇನ್ನೊಬ್ಬ ಎಲ್ಲ ಮುಗಿದ ಮೇಲೆ ತಳ್ಳಿದ. ಕೆಂಪಿನವರು ನಮ್ಮನ್ನು ಖಾಲಿ ಗಾಡಿಯ ಹಾಗೆ ಹಿಂದಕ್ಕೆ ನೂಕಿಕೊಂಡು ಹೋದರು. ಎರಡನೆಯ ಸಲವೂ ಅದೇ ಆಯಿತು. ಮರದಡಿಯ ಕೊಡೆ ನಮ್ಮ ಕಡೆಗೆ ತಿರುಗಿತು.

"ಹಿಂಗಾದ್ರೆ ಎಲ್ರೂ ಹಾಸ್ಟೆಲ್ ಸಾರಿಗೇ ವಾಪಸ್ಸು" ಎಂದು ಫಿಲಿಪ್ ಗೊಣಗಿದ.

ಆಗ ನನಗೆ ಹೊಳೆಯಿತು. ಕೋಟೆ ಶಾಲೆಯ ಮಾಸ್ತರರು ಹಳೆಯ ಸಿಪಾಯಿ. ಅವರ ಕೂಗನ್ನು ಪಂದ್ಯಗಳಲ್ಲಿ ಕೇಳಿ ನಾನು ಎಂದೋ ಗಂಟಲಿಗೆ ಇಳಿಸಿಕೊಂಡಿದ್ದೆ. ಮುಂದಿನ ಸಲ ತಲೆ ತಗ್ಗಿಸಿದೊಡನೆ, ಮೂಗಿನಿಂದ, ಕವಾಯತಿನ ಗತ್ತಿನಲ್ಲಿ "ಏಕ್! ದೋ! ಹೊಡೀ!" ಎಂದೆ. ಫಿಲಿಪ್‌ನ ಕಾಲು ಅವನ ಅಪ್ಪಣೆಗೂ ಕಾಯಲಿಲ್ಲ. ಹಿಂದಿನ ಮೂವರೂ ಒಟ್ಟಿಗೆ ನುಗ್ಗಿದರು. ಕೆಂಪು ಕಂತೆ ನಿಂತಲ್ಲೇ ಅಲುಗಿತು. ಚೆಂಡು ನನ್ನ ಕಾಲಿಗೆ ಸಿಕ್ಕಿತು.

"ಲೋ, ಎದೆ ಝಲ್ಲಂತಲ್ಲೋ, ನಮ್ಮ ಸರ್ ಬಂದೇಬಿಟ್ರು ಅಂದ್ಕೊಂಡೆ" ಎಂದು ಫಿಲಿಪ್ ಮಣ್ಣಾದ ಮುಖದಲ್ಲಿ ನಕ್ಕ. ಹಿಂದಿನವನೊಬ್ಬ, "ಇನ್ನೊಂದ್ಸಲ ಕರಿಯೋ ಅವರನ್ನ" ಎಂದ. ಮತ್ತೆ ಕರೆದೆ. ಮತ್ತೆ ಚೆಂಡು ನಮ್ಮದಾಯಿತು. ಯಾರ ದನಿಯನ್ನೂ ಕರೆಯೆಂದು ನನ್ನನ್ನು ಯಾರೂ ಕೇಳದ ಒಂದೇ ಜಾಗ ಕಂತೆಯಾಗಿತ್ತು. ಅಲ್ಲಿಗೂ ನಾನೇ ಆ ದನಿಗಳನ್ನು ಕರೆತಂದಿದ್ದೆ. ಆ ಕ್ಷಣದಲ್ಲಿ ಅದು ತೋಚಲಿಲ್ಲ. ಗೆಲ್ಲುತ್ತಿದ್ದೆವು, ಅಷ್ಟೇ.

ಬಲಗಡೆ ಮಾತ್ರ ಇನ್ನೂ ಹಿಂದುಳಿದಿತ್ತು. ದ್ಯಾಮಣ್ಣನ ಬಲವೆಲ್ಲ ಹಿಡಿತದಲ್ಲೇ ಇತ್ತು, ಒತ್ತು ಕ್ಷಣ ತಡವಾಗಿ ಬರುತ್ತಿತ್ತು. ಅವನ ಕಾಲು ಕಾಯುತ್ತಿದ್ದ ಕೂಗು ಯಾವುದೆಂದು ನನಗೆ ಗೊತ್ತಿತ್ತು. ಹೊಳೆಯಾಚೆಯ ಶಾಲೆಯ ಬೆನಕಪ್ಪ ಮಾಸ್ತರರನ್ನು ಹಿಂದಿನ ವರ್ಷದ ಪಂದ್ಯದಲ್ಲಿ ಕೇಳಿದ್ದೆ. ದಮ್ಮಿನ ರೋಗದ ಸಣ್ಣ ಮನುಷ್ಯ. ಎಲ್ಲ ಮಾಸ್ತರರೂ ಗುಡುಗುವಾಗ ಅವರು ಮಾತ್ರ ಮಗುವನ್ನು ಮೆಟ್ಟಿಲಿಳಿಸುವವರ ಹಾಗೆ ಮೆತ್ತಗೆ, ಎರಡು ಮಾತಿನ ನಡುವೆ ಎದೆಯಲ್ಲಿ ಒಂದು ಸಿಳ್ಳು ಎಳೆದುಕೊಂಡು ಹೇಳುತ್ತಿದ್ದರು. ಆ ಸಿಳ್ಳು ಕಲಿಯಲು ನನಗೆ ಬಹಳ ದಿನ ಹಿಡಿದಿತ್ತು. ಹಾಸ್ಟೆಲಿನಲ್ಲಿ ಅದಕ್ಕೆ ಬೇಡಿಕೆ ಹೆಚ್ಚು.

ಮುಂದಿನ ಕಂತೆ ಕಟ್ಟಿತು. ನಾನು ತಲೆಯನ್ನು ಬಲಕ್ಕೆ ವಾಲಿಸಿ, ದ್ಯಾಮಣ್ಣನ ಕಿವಿಯ ಹತ್ತಿರ, ಉಸಿರನ್ನು ಎಳೆದು ಸಿಳ್ಳಾಗಿಸಿ ಹೇಳಿದೆ: "ತಡೀ ಕೂಸ… ತಡೀ… ಹಾಂ, ಈಗ."

ಪಕ್ಕೆಯ ಮೇಲಿದ್ದ ತೋಳು ಕಳಚಿಕೊಂಡಿತು. ಸಡಿಲವಾದದ್ದಲ್ಲ, ಇದ್ದಕ್ಕಿದ್ದಂತೆ ಇಲ್ಲವಾಯಿತು. ಕಂತೆಯಲ್ಲಿ ಯಾರೂ ತಲೆಯೆತ್ತಬಾರದು. ದ್ಯಾಮಣ್ಣ ತಲೆಯೆತ್ತಿ ನೆಟ್ಟಗೆ ನಿಂತುಬಿಟ್ಟ. ಎರಡೂ ಕಡೆಯ ಭಾರ ನನ್ನ ಮೇಲೆ ಕುಸಿಯಿತು. ನಡುವಿನವನಿಗೆ ಊರಲು ಕೈಯಿರುವುದಿಲ್ಲ. ನನ್ನ ಮುಖ ಕೆಸರಿಗಿಳಿಯಿತು, ಅದರ ಮೇಲೆ ಯಾರದೋ ಮಂಡಿ. ಸೀಟಿ ಕೇಳಿಸಿತು. ಬಾಯಿಂದ ಮಣ್ಣು ಉಗುಳುತ್ತ ಎದ್ದಾಗ ದ್ಯಾಮಣ್ಣ ನಮ್ಮ ಯಾರ ಕಡೆಗೂ ನೋಡುತ್ತಿರಲಿಲ್ಲ. ಹುಣಸೆಮರದ ಕಡೆಗೆ ನೋಡುತ್ತಿದ್ದ. ಮರದ ಬುಡದಿಂದ ಬೇಲಿಯವರೆಗೆ, ಬೇಲಿಯಿಂದ ಮತ್ತೆ ಬುಡದವರೆಗೆ ಅವನ ಕಣ್ಣು ಹುಡುಕುತ್ತಿತ್ತು.

ಅರ್ಧ ಆಟ ಮುಗಿಯಿತು. ದೇವಯ್ಯನವರು ಕೊಡೆಯ ತುದಿಯನ್ನು ನನ್ನತ್ತ ಚಾಚಿದರು. "ನಡುವಿನವನು ತಡ್ಕೊಳ್ತಾ ಇಲ್ಲ" ಎಂದು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸಿತು. ನಾನು ಅಂಗಿ ಕಳಚಿದೆ. ಬೇಲಿಯ ಬಳಿಯಿಂದ ಓಡಿ ಬಂದ ಹುಡುಗ ಅದನ್ನು ತೊಟ್ಟು, "ಅಬ್ಬ, ಬೆಚ್ಚಗಿದೆ" ಎಂದ. ನನ್ನ ಮೈಯ ಬಿಸಿಯನ್ನು ತೊಟ್ಟುಕೊಂಡು ಅವನು ನನ್ನ ಜಾಗಕ್ಕೆ ಹೋದ. ನಾನು ಬನಿಯನ್ನಿನಲ್ಲಿ ಗೋಲುಕಂಬದ ಗೋಣಿಚೀಲಕ್ಕೆ ಒರಗಿ ಕೂತೆ.

ಉಳಿದರ್ಧದಲ್ಲಿ ದ್ಯಾಮಣ್ಣ ಆಡಿದ್ದನ್ನು ಮರೆಯುವಂತಿಲ್ಲ. ಯಾವ ಕೂಗಿಗೂ ಕಾಯದೆ, ಎದುರಿಗಿದ್ದವರನ್ನು ಬಾಗಿಲೆಂದುಕೊಂಡು ಒಬ್ಬನೇ ನೂಕುತ್ತಿದ್ದ. ಪದ್ಧತಿ ಮೀರಿ, ಆಟದ ನಡುವೆಯೇ ಬಿಳಿಯಿಂದ ಕೆಂಪಿಗೆ ಅವನನ್ನು ಬದಲಿಸಿದರು. ಅಂಗಿ ಬದಲಾದದ್ದು ಅವನಿಗೆ ತಿಳಿದಂತೆ ಕಾಣಲಿಲ್ಲ.

ಕೊನೆಗೆ ಎಲ್ಲರನ್ನೂ, ಅಂಗಿ ಕಳೆದುಕೊಂಡವರನ್ನೂ ಸೇರಿಸಿ, ಸಾಲಾಗಿ ನಿಲ್ಲಿಸಿದರು. ದೇವಯ್ಯನವರು ಹೆಸರು ಓದುತ್ತಿರಲಿಲ್ಲ. ಸಾಲಿನ ಹಿಂದೆ ನಡೆಯುತ್ತ, ಬೇಕಾದವನ ಹೆಗಲು ಮುಟ್ಟುತ್ತಿದ್ದರು. ಮುಟ್ಟಿಸಿಕೊಂಡವನು ಒಂದು ಹೆಜ್ಜೆ ಮುಂದೆ ಬರಬೇಕು. ನಾವೆಲ್ಲ ನೇರ ನೋಡುತ್ತ, ಬೆನ್ನಿನಲ್ಲೇ ಕಿವಿಯಿಟ್ಟುಕೊಂಡು ನಿಂತೆವು. ಬೂಟಿನ ಸದ್ದು ಹತ್ತಿರ ಬಂತು. ನನ್ನ ಹಿಂದೆ ನಿಂತಿತು. ಹೆಗಲು ತಾನೇ ಒಂದಿಷ್ಟು ಮೇಲೆದ್ದಿತೆಂದು ತೋರುತ್ತದೆ. ಅವರು ಮೂಗು ಒರೆಸಿಕೊಂಡು ಮುಂದೆ ಹೋದರು. ಫಿಲಿಪ್ ಮುಂದೆ ಬಂದ. ದ್ಯಾಮಣ್ಣ ಮುಟ್ಟಿಸಿಕೊಂಡೂ ಕದಲದೆ ನಿಂತಿದ್ದ; "ನೀನೇ ಕಣಯ್ಯಾ, ಮುಂದೆ ಬಾ" ಎಂದು ಅವನನ್ನು ನೂಕಬೇಕಾಯಿತು.

ಆಯ್ಕೆಯಾದವರನ್ನು ಊಟಕ್ಕೂ ಛತ್ರ ತೋರಿಸುವುದಕ್ಕೂ ಕರೆದೊಯ್ಯಲು ಬೇಲಿಯಾಚೆ ಬಸ್ಸು ನಿಂತಿತ್ತು. ನನ್ನ ಬಸ್ಸು ಸಂಜೆಗೆ. ಹುಡುಗರೆಲ್ಲ ಚದುರಿದರು. ಗಾಳಿ ಎದ್ದು ಚಳಿ ಮತ್ತೆ ಬಂತು. ನಾನು ಅದೇ ಗೋಣಿಚೀಲಕ್ಕೆ ಒರಗಿ ಕೂತಿದ್ದಾಗ ಎದುರಿಗೆ ದ್ಯಾಮಣ್ಣನ ಕಾಲುಗಳು ಕಾಣಿಸಿದವು. ಹೊಡೆಯಲು ಬಂದನೆಂದುಕೊಂಡೆ.

"ಆಗ ಅಂದಾಂವ ನೀನ ಏನು?" ಎಂದು ಕೇಳಿದ.

"ಹೌದು."

"ಎಲ್ಲಿ ಕೇಳಿದ್ದಿ ಅವರ್ನ?"

"ಹೋದ ವರ್ಷ, ನಿಮ್ಮ ಜೊತೆ ಮ್ಯಾಚಿತ್ತಲ್ಲ, ಆವತ್ತು. ಸುಮ್ನೆ ತಮಾಷೆಗೆ ಕಲಿತಿದ್ದೆ. ಅವರಿಗೆ ಹೇಳ್ಬೇಡ."

ಅವನು ಸ್ವಲ್ಪ ಹೊತ್ತು ಬೂಟಿನ ಮಣ್ಣನ್ನು ಕಂಬಕ್ಕೆ ಒರೆಸಿದ. "ಹೋದ್ರು ಅವರು. ಸಂಕ್ರಮಣ ಮುಗಿದ ಮ್ಯಾಲ. ದಮ್ಮು ಹೆಚ್ಚಾತು."

ನನ್ನೊಳಗೆ ಅಷ್ಟು ಜನರಿದ್ದರು. ಒಬ್ಬರೂ ಬಾಯಿಗೆ ಬರಲಿಲ್ಲ.

"ಅವರು ಯಾವಾಗ್ಲೂ ಗಿಡದ ಬುಡಕ ನಿಂದರತಿದ್ರು" ಎಂದು ದ್ಯಾಮಣ್ಣ ಹುಣಸೆಮರದತ್ತ ಗಲ್ಲ ಎತ್ತಿದ. "ಅದಕ್ಕ ನೋಡಿದೆ. ಕೈ ಬಿಟ್ಟಿದ್ದು ನನಗ ಗೊತ್ತ ಆಗ್ಲಿಲ್ಲ. ದೇವಯ್ಯ ಸರ್‌ಗೆ ಹೇಳೀನಿ, ಬಿದ್ದದ್ದು ನನ್ನಿಂದ, ಅವಂದ ತಪ್ಪಿಲ್ಲ ಅಂತ."

"ಏನಂದ್ರು?"

"ಆಯ್ಕೆ ಮುಗೀತು, ಬಸ್ ಹತ್ತು ಅಂದ್ರು."

ಬೇಲಿಯಾಚೆ ಬಸ್ಸು ಹಾರ್ನ್ ಹೊಡೆಯಿತು. ದ್ಯಾಮಣ್ಣ ತಿರುಗಿ ನೋಡಲಿಲ್ಲ.

"ಇನ್ನೊಮ್ಮೆ ಅನ್ನು" ಎಂದ.

ನಾನು ಉಸಿರು ಎಳೆದುಕೊಂಡೆ. ಅವನು ಕೈಯೆತ್ತಿ ತಡೆದ. "ಹಂಗಲ್ಲೋ. ಹಿಡಕೊಂಡು."

ನಾವಿಬ್ಬರೂ ಕಂಬದೆದುರು ಬಾಗಿದೆವು. ನನ್ನ ತೋಳು ಅವನ ಹೆಗಲಿಗೆ, ಅವನದು ನನ್ನ ಪಕ್ಕೆಗೆ, ಇಬ್ಬರ ತಲೆಯೂ ಗೋಣಿಚೀಲಕ್ಕೆ. ಹಳೆಯ ಹುಲ್ಲಿನ ವಾಸನೆ. "ತಡೀ ಕೂಸ… ತಡೀ… ಹಾಂ, ಈಗ." ಅವನು ಒತ್ತಿದ. ತೋಳು ಕಳಚಲಿಲ್ಲ. ಮತ್ತೆ ಹೇಳಿದೆ, ಮತ್ತೆ ಒತ್ತಿದ. ಅವನ ಬೆನ್ನು ಅದುರುತ್ತಿತ್ತು. ಅದು ಒತ್ತಿನಿಂದಲೋ ಇನ್ನೊಂದರಿಂದಲೋ ನಾನು ನೋಡಲಿಲ್ಲ. ಕಂತೆಯಲ್ಲಿ ಮುಖ ಕಾಣುವುದಿಲ್ಲ, ಅದೊಂದು ಉಪಕಾರ.

ಹಾರ್ನ್ ಮತ್ತೆ ಕೇಳಿಸಿತು, ಈ ಸಲ ಉದ್ದಕ್ಕೆ. ಹೋಗುತ್ತಾನೆಂದು ತೋಳು ಸಡಿಲಿಸಿದೆ. ಅವನು ಬಿಡಲಿಲ್ಲ.

"ಈಗ ನಿಂದ ಅನ್ನು."

"ನಂದು ಯಾವುದು?"

"ನಿನ್ನ ದನಿ. ಹೆಂಗ ಐತೋ ಹಂಗ."

ಗಂಟಲಲ್ಲಿ ಹುಡುಕಿದೆ. ವಾರ್ಡನ್ನರನ್ನು ಸರಿಸಿದೆ, ಕೃಷ್ಣಯ್ಯನನ್ನು ಸರಿಸಿದೆ, ಸಿಪಾಯಿಯನ್ನು ಸರಿಸಿದೆ. ಕೊನೆಗೆ ಹೊರಬಂದದ್ದು ಸಣ್ಣದೊಂದು ದನಿ, ತುಸು ಒಡಕು, ಯಾರಿಗೂ ನಗು ಬರಿಸುವಂಥದ್ದಲ್ಲ. "ತಳ್ಳು" ಎಂದಿತು, ಅಷ್ಟೇ.

ದ್ಯಾಮಣ್ಣ ಅದಕ್ಕೂ ತನ್ನ ಪೂರ್ತಿ ಬಲದಿಂದ ಒತ್ತಿದ. ನಮ್ಮಿಬ್ಬರ ಬೆನ್ನಿನಿಂದ ಹಬೆ ಏಳುತ್ತಿತ್ತು. ಕಂಬ ಎಲ್ಲಿಗೂ ಹೋಗಲಿಲ್ಲ. ಮೇಲೆ, ಆ ಇಬ್ಬರು ಮುದುಕರು ಹಿಡಿದಿದ್ದ ಕೋಲು ಮಾತ್ರ ಬಹಳ ಹೊತ್ತು ನಡುಗುತ್ತಿತ್ತು.