ಡಾಂಬರಿಗೆ ಏನಂತೀರಿ

“ಬಿಸಿ ಇರೋವಾಗ್ಲೇ ಸುರೀರೇ ಮುಂಡೇವಾ. ಆರಿದ್ಮೇಲೆ ಏನು, ನಿಮ್ಮ ಮುಖಕ್ಕೆ ಬಳ್ಕೊಳ್ತೀರಾ?”

ಮೇಸ್ತ್ರಿಯ ಬಾಯಿಗೆ ಬೀಗವಿರಲಿಲ್ಲ. ಕಾಲಿಗೆ ಗೋಣಿ ಸುತ್ತಿಕೊಂಡ ಅತ್ತಿಗೆ ಕುದಿಯುವ ಪೀಪಾಯಿಯಿಂದ ಡಬ್ಬಿ ತುಂಬಿ ತಂದು ರಸ್ತೆಯ ಜಲ್ಲಿಯ ಮೇಲೆ ಸುರಿಯುತ್ತಿದ್ದಳು. ಅವಳ ಹಿಂದೆಯೇ ನಾದಿನಿ.

ಎದುರು ಮನೆಯ ಗೇಟಿನೊಳಗೆ ಕುರ್ಚಿ ಹಾಕಿಕೊಂಡು ಪಂಡಿತರು ಕೂತಿದ್ದರು. ಮಾತುಗಳ ಹುಟ್ಟು ಹುಡುಕುವುದು ಅವರ ಕಸುಬು. ಪುಣ್ಯಾತ್ಮನಿಗೆ ಬೆಳಗಿನಿಂದ ಡಾಂಬರಿನ ಗೀಳು ಹಿಡಿದಿತ್ತು.

“ನಿಮ್ಮ ಮನೆಮಾತಲ್ಲಿ ಇದಕ್ಕೆ ಏನಂತೀರಮ್ಮ?”

“ಕೇಳ್ತಿದಾರಲ್ಲ, ಬಾಯಲ್ಲೇನು ಮಣ್ಣು ತುಂಬ್ಕೊಂಡಿದೀಯ?” ಎಂದ ಮೇಸ್ತ್ರಿ.

“ಏನೂ ಅನ್ನಲ್ಲ ಸಾರ್. ಸುರೀತೀವಿ,” ಎಂದಳು ಅತ್ತಿಗೆ.

ಪಂಡಿತರು ನಕ್ಕರು. “ಒಂದು ಭಾಷೇಲಿ ಇದು ಕಲ್ಲಿನ ಅರಗು. ಇನ್ನೊಂದ್ರಲ್ಲಿ ಮರದ ಅಂಟಿನ ಹೆಸರೇ ಇದಕ್ಕೂ. ಮತ್ತೊಂದು ಕಡೆ ಔಷಧಿ ಅಂತ ಗಾಯಕ್ಕೆ ಹಚ್ತಿದ್ರು. ಅಲ್ಲಿ ಇದಕ್ಕಿದ್ದ ಹೆಸರು ಹೋಗಿ ಹೋಗಿ ಕೊನೆಗೆ ಕೆಡದ ಹಾಗೆ ಇಟ್ಟ ಹೆಣಕ್ಕೇ ಬಂತು, ಮಮ್ಮಿ ಅಂತಾರಲ್ಲ, ಅದೇ. ಎಂಥ ಪ್ರಯಾಣ ನೋಡು.”

ಅಷ್ಟರಲ್ಲಿ ನಾದಿನಿಯ ಡಬ್ಬಿಯ ಹಿಡಿ ಕಿತ್ತು ಬಂತು. ಡಾಂಬರು ಗೋಣಿ ದಾಟಿ ಅವಳ ಪಾದವನ್ನು ಕಚ್ಚಿಕೊಂಡಿತು. ಅವಳು ಕಿರುಚಿದ್ದಕ್ಕೆ ಅತ್ತಿಗೆ ತುಂಬಿದ ಡಬ್ಬಿ ಕೆಳಗಿಟ್ಟು ಓಡಿ ಬಂದಳು.

ಪಂಡಿತರು ಕುರ್ಚಿ ಒರೆಸುವ ಬಟ್ಟೆ ಎಸೆದರು. “ಬೇಗ ಒರೆಸು.”

“ಒರೆಸಿದ್ರೆ ಚರ್ಮನೂ ಜೊತೆಗೇ ಬರತ್ತೆ ಸಾರ್. ನೀರು ಬೇಕು, ಸುರೀತಾನೇ ಇರಬೇಕು.”

ರಸ್ತೆಯ ಡ್ರಮ್ಮಿನ ನೀರನ್ನೆಲ್ಲ ಮೇಸ್ತ್ರಿ ರೋಲರಿಗೆ ಹಾಕಿಸಿಬಿಟ್ಟಿದ್ದ. ನಲ್ಲಿ ಇದ್ದದ್ದು ಗೇಟಿನೊಳಗೆ, ಕುರ್ಚಿಯ ಪಕ್ಕದಲ್ಲೇ.

“ಒಳಗೆ ಬರಬೇಡ. ಬಿಳಿ ಕಲ್ಲು, ಹೊಸದಾಗಿ ಹಾಕ್ಸಿದ್ದು. ಯಾರಾದ್ರೂ ಬಕೆಟ್ಟಲ್ಲಿ ತಂದುಕೊಡ್ತಾರೆ, ಇರು.”

ಯಾರೂ ತರಲಿಲ್ಲ. ಅವರೂ ಏಳಲಿಲ್ಲ.

“ನಾಟಕ ಸಾಕು,” ಎಂದ ಮೇಸ್ತ್ರಿ. “ಅವಳನ್ನ ಆ ಕಡೆ ಕೂರ್ಸಿ ಬಾ. ಡಾಂಬರು ಆರ್ತಿದೆ.”

ಅತ್ತಿಗೆ ಒಂದು ಕೈಯಲ್ಲಿ ನಾದಿನಿಯನ್ನು ತಬ್ಬಿ, ಇನ್ನೊಂದರಲ್ಲಿ ತುಂಬಿದ ಡಬ್ಬಿ ಹಿಡಿದು ಗೇಟನ್ನು ಒದ್ದಳು. ಬಿಳಿ ಕಲ್ಲಿನ ಉದ್ದಕ್ಕೂ ಕಪ್ಪು ಹೆಜ್ಜೆಗಳು ಬಿದ್ದವು. ನಲ್ಲಿಯನ್ನು ಪೂರ್ತಿ ತಿರುಗಿಸಿ ಸುಟ್ಟ ಪಾದವನ್ನು ಅದರ ಕೆಳಗಿಡಿಸಿದಳು.

“ಏನಯ್ಯ ನೋಡ್ತಾ ನಿಂತಿದೀಯ, ಆಚೆ ಹಾಕು ಇವರನ್ನ,” ಎಂದು ಪಂಡಿತರು ಕೂಗಿದರು. ಮೇಸ್ತ್ರಿ ತೋಳೇರಿಸಿಕೊಂಡು ಗೇಟಿನ ತನಕ ಬಂದ.

ಅತ್ತಿಗೆ ಹೊಗೆಯಾಡುವ ಡಬ್ಬಿಯನ್ನು ಎದೆಮಟ್ಟಕ್ಕೆ ಎತ್ತಿದಳು.

“ಬಾರೋ ಬೋಳಿಮಗನೆ. ನಲ್ಲಿ ಮುಟ್ಟು. ಆಮೇಲೆ ಇದಕ್ಕೇನಂತಾರೆ ಅಂತ ನೀನೇ ಅವರಿಗೆ ಹೇಳು.”

ಮೇಸ್ತ್ರಿ ನಿಂತಲ್ಲೇ ನಿಂತ. ಪಂಡಿತರು ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡರು. ನೀರು ಹರಿಯುತ್ತಲೇ ಇತ್ತು.