ಗೊತ್ತಿಲ್ಲ ಎಂದ ಕರುಪ್ಪಾಯಿ

ತಮಿಳುನಾಡಿನ ಕಂಬಂ ಪಕ್ಕದ ಒಂದು ಊರಿನಲ್ಲಿ, ದ್ರಾಕ್ಷಿ ತೋಟದ ಅಂಚಿಗೆ ಕರುಪ್ಪಾಯಿಯ ಮನೆ. ಗಂಡ ಮೂಕಯ್ಯ ಶಿವನ ಪಾದ ಸೇರಿದ ಮೇಲೆ ಆ ಮನೆಯಲ್ಲಿ ಕನ್ನಡ ಮಾತೇ ನಿಂತುಹೋಯಿತು. ಬೀದಿಯ ಮಕ್ಕಳಿಗೆ ಅವಳ ಮಾತು ತಿಳಿಯುತ್ತದೆ. ಮರುಮಾತು ಮಾತ್ರ ತಮಿಳಿನಲ್ಲಿ. ಸಂಜೆ ದೀಪ ಹಚ್ಚಿ ದೇವರಿಗೆ ನಾಲ್ಕು ಮಾತು ಹೇಳಿಕೊಂಡರೆ ಅಂದಿಗೆ ಅವಳ ಕನ್ನಡ ಮುಗಿಯಿತು.

ನಿಲಕ್ಕೋಟ್ಟೈಯಲ್ಲಿ ಅವಳ ಅಕ್ಕ ಪಾಂಡಿಯಮ್ಮಾಳ್ ಇದ್ದಾಳೆ. ಮಂಡಿನೋವು, ಬಸ್ಸು ಹತ್ತಲಾರಳು. ಅವಳ ಹೂತೋಟದಲ್ಲಿ ಸಿಗ್ನಲ್ ನಿಲ್ಲದು, ಮಾತು ನಡುವೆಯೇ ಕಡಿಯುತ್ತದೆ. ಅದಕ್ಕೇ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಾಳೆ. ಅದನ್ನು ಹಾಕಿ ಕೇಳಿಸುತ್ತಿದ್ದವನು ಮೂಕಯ್ಯ. ಈಗ ಫೋನು ಅವನ ಪಟದ ಮುಂದೆ, ವಿಭೂತಿ ಹಚ್ಚಿಸಿಕೊಂಡು ಕೂತಿದೆ. ಕರುಪ್ಪಾಯಿ ಚಾರ್ಜ್ ಹಾಕುವುದನ್ನು ತಪ್ಪಿಸಳು. ಇದ್ದದ್ದೂ ಅಳಿಸಿಹೋದೀತೆಂದು ಬೇರೇನೂ ಒತ್ತಳು. ಅಕ್ಕ ತಂಗಿಯರ ಮಾತನ್ನು ನೆರೆಯವರ ಕೈಗೆ ಕೊಡಲು ಮನಸ್ಸಿಲ್ಲ. ಫೋನು ಬೆಳಗುತ್ತದೆ, ಆರುತ್ತದೆ.

ಹೀಗಿರಲು ವಿಶ್ವವಿದ್ಯಾಲಯದಿಂದ ಜೆಯಂತಿ ಎಂಬ ಹುಡುಗಿ ಬಂದಳು. ಹಳ್ಳಿಯ ಹಿರಿಯರು ಫೋನನ್ನು ಹೇಗೆ ಬಳಸುತ್ತಾರೆ, ಹೇಗೆ ಕಲಿಯುತ್ತಾರೆ ಎಂಬುದು ಅವಳ ಸಂಶೋಧನೆ. ಬಾರದವರಿರುವ ಕಡೆ ಕಲಿಸುವ ತರಗತಿಯನ್ನೂ ನಡೆಸುತ್ತಾರಂತೆ. ಮನೆಗೆ ಬಂದವರಿಗೆ ‘ಇಲ್ಲ’ ಎಂದು ಹೇಳಿ ಕಳಿಸುವುದು ನಮ್ಮವರ ವಾಡಿಕೆಯಲ್ಲ. ಕರುಪ್ಪಾಯಿ ಕಾಪಿ ಕೊಟ್ಟು, ಕೇಳಿದ್ದಕ್ಕೆಲ್ಲ ‘ಬರುತ್ತೆ ತಾಯಿ’ ಎಂದಳು. ಬೀದಿಯೆಲ್ಲ ಹಾಗೇ ಅಂದಿತು.

ಮುಂದಿನ ವಾರ ಜೆಯಂತಿ ಹೇಳಿಹೋಗಲು ಬಂದಳು. ಇಲ್ಲಿ ಎಲ್ಲರಿಗೂ ಬರುವುದರಿಂದ ತರಗತಿ ಆಂಡಿಪಟ್ಟಿ ಕಡೆ ಹೋಗುತ್ತದೆ ಎಂದಳು. ಪಕ್ಕದ ಮನೆಯ ಮುತ್ತುಸೆಲ್ವಿ ನಕ್ಕಳು. “ಹೋಗಲಿ ಬಿಡಮ್ಮ. ಈ ವಯಸ್ಸಲ್ಲಿ ನಾವು ಕಲಿತು ಕಲೆಕ್ಟರ್ ಆಗಬೇಕಾ?”

ಅಷ್ಟರಲ್ಲಿ ಫೋನು ಬೆಳಗಿತು. ಯಾರದು ಎಂದು ಜೆಯಂತಿ ಕೇಳಿದಳು.

“ನಮ್ಮಕ್ಕಂದು.”

“ಏನಂತಾರೆ?”

ಕರುಪ್ಪಾಯಿ ಪಟದ ಮುಂದಿನ ಫೋನನ್ನು ಕೈಗೆತ್ತಿಕೊಂಡಳು. ಆಮೇಲೆ ಹೇಳಿದಳು: “ಗೊತ್ತಿಲ್ಲ ತಾಯಿ. ಅವರು ಹೋದಾಗಿಂದ ಅಕ್ಕ ಅಂದದ್ದು ಒಂದೂ ಗೊತ್ತಿಲ್ಲ.”

ಮುತ್ತುಸೆಲ್ವಿಯ ನಗು ನಿಂತಿತು. ಕರೆ ಎತ್ತುವ ಹಸಿರು ಗುಂಡಿ ಬಿಟ್ಟರೆ ತನಗೂ ಏನೂ ಬಾರದೆಂದು ಮೆಲ್ಲಗೆ ಒಪ್ಪಿಕೊಂಡಳು.

“ನಾನು ಕೇಳೋಕೆ ಬಂದದ್ದು ಇದನ್ನೇ ಅಜ್ಜಿ,” ಎಂದಳು ಜೆಯಂತಿ. “ಎಲ್ಲಿ ತೊಡಕು ಅಂತ ನೀವು ಹೇಳದಿದ್ದರೆ ಕಲಿಸೋರಿಗೆ ಹೇಗೆ ತಿಳಿಯುತ್ತೆ?”

ಕೇಳಿದರೆ ಏನೂ ಅಳಿಯದು ಎಂದು ಧೈರ್ಯ ಹೇಳಿ, ತಾನು ಒತ್ತದೆ ಕರುಪ್ಪಾಯಿಯ ಬೆರಳಿಂದಲೇ ಒತ್ತಿಸಿದಳು.

“ಏ ಕರುಪ್ಪಾಯಿ, ಉಣ್ತಿದೀಯಾ ಇಲ್ವಾ? ನಾನೊಬ್ಳೇ ಒದರ್ತಾ ಇದೀನಿ. ಒಂದು ಮಾತಾದ್ರೂ ಆಡೇ.”

ಮೈಕಿನ ಗುರುತನ್ನು ಒತ್ತಿ ಹಿಡಿಯುವುದನ್ನು ಕಲಿತು ಕರುಪ್ಪಾಯಿ ತನ್ನ ಕನ್ನಡದಲ್ಲೇ ಹೇಳಿದಳು: “ಇದೀನಿ ಅಕ್ಕಾ.” ಅಷ್ಟನ್ನೇ ಕಳಿಸಿದಳು.

ತರಗತಿ ಆ ಬೀದಿಗೇ ಬಂತು.

ತಾಯಂದಿರೇ, ಅಯ್ಯಂದಿರೇ, ಇಂಥವರು ನಿಮ್ಮ ಬಾಗಿಲಿಗೂ ಬಂದಾರು. ಗುರುತಿನ ಚೀಟಿ ಕೇಳಿ ನೋಡಿ. ಪಿನ್ನು, ಒಟಿಪಿ ಯಾರಿಗೂ ಹೇಳಬೇಡಿ. ಆದರೆ ಬಾರದ್ದನ್ನು ಬಾರದು ಎನ್ನಿ, ಅದರಲ್ಲಿ ಅವಮಾನವಿಲ್ಲ. ಕಲಿಯಲು ವಯಸ್ಸು ಮೀರಿಲ್ಲ. ನಿಮ್ಮ ಮಾತಿಗೆ ಕಾದಿರುವವರು ಇರುವಾಗಲೇ ಕಲಿಯಿರಿ.