ಬಸಿಲಿಯಾ ‘ಹೌದು’ ಅನ್ನದ ದಿನ

ಕೊರೊನಾ ಬಂದು ಊರಿಗೆಲ್ಲ ಬೀಗ ಬಿದ್ದಿತ್ತು. ಅಮೆರಿಕದ ಓಕ್ಲೆಂಡಿನ ತನ್ನ ಅಡುಗೆಮನೆಯಲ್ಲಿ ಬಸಿಲಿಯಾ ಆಲೂಗಡ್ಡೆ ಕಡುಬಿಗೆ ಹಿಟ್ಟು ನಾದುತ್ತಿದ್ದಳು. ಕೈ ಹಿಟ್ಟಿನಲ್ಲಿತ್ತು, ಜೀವ ಕೋರ್ಟಿನಲ್ಲಿತ್ತು. ಗ್ವಾಟೆಮಾಲಾದ ಬೆಟ್ಟದೂರಿನಲ್ಲಿ ಅವಳ ಅಣ್ಣನನ್ನು ಕೊಂದವರು ಅವಳನ್ನೂ ಹುಡುಕುತ್ತಿದ್ದರು. ಇಲ್ಲೇ ಆಶ್ರಯ ಕೊಡಿ ಎಂದು ವಲಸೆ ನ್ಯಾಯಾಲಯದಲ್ಲಿ ಕೇಳಿಕೊಂಡಿದ್ದಳು. ವಿಚಾರಣೆಗೆ ಕರೆ ಬಂದಿತ್ತು, ಆದರೆ ಮೊಬೈಲಿನ ವಿಡಿಯೋದಲ್ಲೇ ಹಾಜರಾಗಬೇಕಿತ್ತು.

ಗಂಡ ಫಾಬಿಯಾನ್‌ಗೆ ಇದೊಂದೂ ಹಿಡಿಸಲಿಲ್ಲ.

“ಕೋರ್ಟೇ ಮುಚ್ಚಿದೆ, ಮೊಬೈಲಲ್ಲಿ ನ್ಯಾಯ ಹೇಳ್ತಾರಂತಾ? ಕ್ಯಾಮೆರಾದಲ್ಲಿ ಮನೆ ನೋಡ್ಕೊಂಡು ವಲಸೆ ಪೊಲೀಸ್ರು ಹಿಡಿಯೋಕೆ ಬರ್ತಾರೆ. ಸುಮ್ನಿರು.”

ಚರ್ಚಿನಿಂದ ಮನೆಮನೆಗೆ ದಿನಸಿ ಹಂಚುವ ಇಲಾರಿಯಕ್ಕ ಬಾಗಿಲಲ್ಲೇ ನಿಂತು ಇದನ್ನು ಕೇಳಿಸಿಕೊಂಡಳು. ಅವಳು ಎಷ್ಟೋ ಜನರ ಜೊತೆ ಕೋರ್ಟಿಗೆ ಓಡಾಡಿದವಳು.

“ಸುಮ್ನಿದ್ರೆ ಏನಾಗುತ್ತೆ ಗೊತ್ತೇನಪ್ಪಾ? ಪರದೆ ಮೇಲೆ ಕಾಣ್ದೇ ಇದ್ರೂ ಗೈರುಹಾಜರೇ. ಇವಳ ಮಾತು ಕೇಳ್ದೇನೇ ಗಡೀಪಾರು ಅಂದ್ಬಿಡಬಹುದು. ವಿಳಾಸ ನೀವೇ ಕೋರ್ಟಿಗೆ ಕೊಟ್ಟಿದ್ದೀರಿ. ಇನ್ನು ಕ್ಯಾಮೆರಾದಲ್ಲಿ ಹುಡುಕೋದೇನಿದೆ, ನಿಮ್ಮನೆ ಒಲೆನಾ?”

ಫಾಬಿಯಾನ್ ಮಾಸ್ಕಿನೊಳಗೇ ಗೊಣಗಿದ.

“ದಿನಾಂಕ ಮುಂದಕ್ಕೆ ಹೋಗಿದೆಯಾ ಅಂತ ಕೋರ್ಟಿನ ನಂಬರಿಗೆ ಫೋನ್ ಮಾಡಿದ್ಯಾ?” ಇಲಾರಿಯಾ ಬಸಿಲಿಯಾಳನ್ನು ಕೇಳಿದಳು.

“ಮಾಡಿದೆ ಅಕ್ಕ. ನಾಳೇನೇ.”

“ಯಾವ ಭಾಷೆಯ ದುಭಾಷಿ ಬೇಕು ಅಂದೆ?”

“ಸ್ಪ್ಯಾನಿಷ್ ಸಾಕಾ ಅಂದ್ರು. ಹೌದು ಅಂದೆ.”

ಇಲಾರಿಯಾ ಹಣೆ ಚಚ್ಚಿಕೊಂಡಳು. ಬಸಿಲಿಯಾಳ ಬೆಟ್ಟದೂರಿನ ಮಾತು ಮಾಮ್; ಗ್ವಾಟೆಮಾಲಾದ ಸರ್ಕಾರಿ ಮಾತಾದ ಸ್ಪ್ಯಾನಿಷ್ ಅವಳಿಗೆ ಅಲ್ಪಸ್ವಲ್ಪವೇ ಬರುತ್ತಿತ್ತು. ಮಾಮ್ ಭಾಷೆಯ ಈ ಜನಕ್ಕೆ ಇದೊಂದು ಹುಟ್ಟುಗುಣ. ದೊಡ್ಡವರು ಏನು ಕೇಳಿದರೂ ‘ಹೌದು’ ಎನ್ನುವುದೇ ಮರ್ಯಾದೆ. ಗಡಿಯಲ್ಲಿ ಅಧಿಕಾರಿ “ಕೆಲಸ ಹುಡುಕಿಕೊಂಡು ಬಂದೆಯಾ?” ಎಂದು ಸ್ಪ್ಯಾನಿಷ್‌ನಲ್ಲಿ ಕೇಳಿದಾಗಲೂ ಬಸಿಲಿಯಾ ಹೌದು ಎಂದಿದ್ದಳು. ಪ್ರಶ್ನೆ ಅರ್ಥವೇ ಆಗಿರಲಿಲ್ಲ. ಅಣ್ಣನ ಸಾವು ಅಂದು ಯಾರ ಕಿವಿಗೂ ಬೀಳದೆ ಉಳಿಯಿತು.

“ಇನ್ನೊಂದು ಹೌದು ಅಂದ್ರೆ ನಿನ್ನ ಕುತ್ತಿಗೆಗೇ ಬರುತ್ತೆ ಕಣೇ. ದುಭಾಷೀನ ಕೋರ್ಟೇ ಕೊಡುತ್ತೆ. ಬಾಯಿ ಬಿಟ್ಟು ಕೇಳು.”

ಮರುದಿನ ಪರದೆಯ ಮೇಲೆ ಮಾಸ್ಕು ಹಾಕಿದ ನ್ಯಾಯಾಧೀಶೆ ಕಂಡರು. ಸ್ಪ್ಯಾನಿಷ್ ಚೆನ್ನಾಗಿ ತಿಳಿಯುತ್ತದೆಯೇ ಎಂದು ದುಭಾಷಿಯ ಮೂಲಕ ಕೇಳಿದರು. ‘ಹೌದು’ ಬಸಿಲಿಯಾಳ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು.

“ಇಲ್ಲ ಅಮ್ಮಾ. ನನ್ನ ಮಾತು ಮಾಮ್.”

ಬೈಯುತ್ತಾರೆಂದು ತಲೆ ತಗ್ಗಿಸಿದಳು. ನ್ಯಾಯಾಧೀಶೆ ಬೈಯಲಿಲ್ಲ. “ಹೇಳಿದ್ದು ಒಳ್ಳೆಯದಾಯಿತು” ಎಂದು ಬೇರೆ ದಿನ ಕೊಟ್ಟರು. ಆ ದಿನ ಯಾವುದೋ ದೂರದ ಊರಿಂದ ಫೋನಿನಲ್ಲಿ ಕೋರ್ಟಿನ ದುಭಾಷಿಯ ಹೆಣ್ಣುದನಿ ಮಾಮ್‌ನಲ್ಲಿ ಕೇಳಿತು: “ಚೆನ್ನಾಗಿದ್ದೀಯಾ ತಾಯಿ?” ಬಸಿಲಿಯಾ ಮೊದಲು ಅತ್ತಳು, ಆಮೇಲೆ ಅಣ್ಣನ ವಿಷಯವೆಲ್ಲ ಹೇಳಿದಳು. ಫಾಬಿಯಾನ್ ಪಕ್ಕದಲ್ಲಿ ಕೂತು ಫೋನನ್ನು ಅಲುಗಾಡದಂತೆ ಹಿಡಿದಿದ್ದ.

ಕೆಲವು ವಿಚಾರಣೆಗಳಾದ ಮೇಲೆ ಆಶ್ರಯ ಸಿಕ್ಕಿತು. ಅಂದು ಕಡುಬು ಬೇಯಿಸಿದ ಬಸಿಲಿಯಾ ಇಲಾರಿಯಾಳ ತಟ್ಟೆಗೆ ಎರಡು ಪಾಲು ಹಾಕಿದಳು.

“ಇದ್ಯಾಕೇ ಇಷ್ಟೊಂದು?”

“ಒಂದು ನಿನ್ನದು. ಇನ್ನೊಂದು ಆ ಫೋನಿನ ತಾಯೀದು. ಅವಳ ಮುಖವನ್ನೂ ನೋಡಿಲ್ಲ, ಬಡಿಸೋದೆಲ್ಲಿಂದ? ನೀನೇ ತಿಂದು ಋಣ ತೀರಿಸು ಅಕ್ಕ.”

ನಿಮ್ಮ ಪ್ರಕರಣವೂ ಕೋರ್ಟಿನಲ್ಲಿದೆಯೇ? ಬಾಗಿಲು ಮುಚ್ಚಿದೆಯೆಂದು ಮನೆಯಲ್ಲಿ ಕೂರಬೇಡಿ. ಫೋನ್ ಮಾಡಿ ದಿನಾಂಕ ವಿಚಾರಿಸಿ. ಮನೆ ಬದಲಿಸಿದರೆ ಕೋರ್ಟಿಗೆ ತಿಳಿಸಿ. ಕರೆದ ದಿನ ತಪ್ಪದೆ ಹಾಜರಾಗಿ. ಅರ್ಥವಾಗದ ಮಾತಿಗೆ ಮಾತ್ರ ಹೌದು ಅನ್ನಬೇಡಿ. ನಿಮ್ಮ ಅವ್ವ ಕಲಿಸಿದ ಮಾತಿನಲ್ಲೇ ನಿಮ್ಮ ಕಷ್ಟ ಹೇಳಿಕೊಳ್ಳಿ.